ಹನ್ನೊಂದು ಕಥೆಶಾಲೆಗಳ ತಪಾಸಣೆ

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಕಥೆಗಾರ್ತಿಗೆ,

‘ಆ ಶಾಲೆಗೆ ಬಂದ ಮಕ್ಕಳಲ್ಲಿ ಒಬ್ಬರೂ ಅಳಲಿಲ್ಲ.’ ನಿನ್ನ ಉಣ್ಣೆಯ ಶಾಲೆಯ ಕಥೆ ಶುರುವಾಗುವುದು ಹೀಗೇ ಅಲ್ಲವೇನೇ? ಅಥವಾ ‘ಒಬ್ಬರ ಅಳುವೂ ಕೇಳಿಸಲಿಲ್ಲ’ ಎಂದೋ? ಮೂರು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಪುಸ್ತಕ ನೋಡೋಣವೆಂದರೆ ಮೊದಲ ಹಾಳೆ ಹರಿದು ಎಲ್ಲೋ ಹೋಗಿದೆ. ಬರೆದವಳಿಗೆ ಎರಡೂ ಒಂದೇ ಅನ್ನಿಸಬಹುದು. ಮಗಳನ್ನು ಗೇಟಿನೊಳಗೆ ಬಿಟ್ಟು ತಿರುಗಿ ಬರಬೇಕಾದವಳಿಗೆ ಹಾಗಲ್ಲ ಕಣೇ. ಅಳದೆ ಇರುವುದು ಬೇರೆ, ದಪ್ಪ ಉಣ್ಣೆಯ ಗೋಡೆಯಾಚೆಗೆ ಅಳು ಕೇಳಿಸದೆ ಇರುವುದು ಬೇರೆ.

ಇಷ್ಟು ವರ್ಷ ನಿನ್ನ ಕಥೆಗಳನ್ನು ನಾನು ಓದಿದ ರೀತಿಯೇ ತಪ್ಪು ಎಂದು ಈಗ ಗೊತ್ತಾಗುತ್ತಿದೆ. ಹಾಸ್ಟೆಲಿನ ಕೋಣೆಯಲ್ಲಿ ನೀನು ಮಂಚದ ಮೇಲೆ ಕಾಲು ಮಡಿಸಿ ಕುಳಿತು ಓದುತ್ತಿದ್ದಾಗ ನಾನು ಮಾತಿನ ಲಯವನ್ನು ಮಾತ್ರ ಕೇಳುತ್ತಿದ್ದೆ. ತಾಯಿಯಾಗಿ ಓದಿದರೆ ಬೇರೆಯೇ ಕಾಣುತ್ತದೆ. ಅದರಲ್ಲೂ ಲಿಫ್ಟುಗಳ ಸುರಕ್ಷತೆಯನ್ನು ಪರೀಕ್ಷಿಸುವುದೇ ಕಸುಬಾಗಿರುವ ತಾಯಿ!

ಮೊದಲಿಂದ ಹೇಳುತ್ತೇನೆ. ಜೀರುಂಡೆ (ಒಂಬತ್ತಾಯಿತು ಅವಳಿಗೆ, ಬಾಯಿ ಇನ್ನೂ ಮುಚ್ಚಿಲ್ಲ, ಹಾಗಾಗಿ ಹೆಸರು ಬದಲಾಗಿಲ್ಲ) ಹೋದ ವರ್ಷ ಎದೆಯ ಸೋಂಕಿನಿಂದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದಾಗ ನೀನು ಪಾರ್ಸೆಲ್ ಕಳಿಸಿದ್ದೆಯಲ್ಲ, ನಿನ್ನ ಶಾಲೆಯ ಕಥೆಗಳ ಹನ್ನೊಂದು ಪುಸ್ತಕ? ಮನೆಗೆ ಬಂದ ಮೇಲೂ ಶ್ವಾಸಕೋಶ ಗಟ್ಟಿಯಾಗುವವರೆಗೆ ಶಾಲೆ ಬೇಡ ಎಂದರು. ಇವರು ನಸುಕಿಗೇ ಬೇಕರಿಗೆ ಹೋಗಿ ಭಟ್ಟಿಯಿಂದ ಬ್ರೆಡ್ಡು ಇಳಿಸಿ ಹತ್ತಕ್ಕೆಲ್ಲ ಮೈತುಂಬ ಹಿಟ್ಟು ಮೆತ್ತಿಕೊಂಡು ಬರುತ್ತಾರೆ, ಆಮೇಲೆ ನಾನು ಹೊರಡುತ್ತೇನೆ. ಹೀಗೆ ಪಾಳಿಯಲ್ಲಿ ಅವಳನ್ನು ಕಾದೆವು. ಸಂಜೆ ನಾನು ಬಂದ ಮೇಲೆ ಓದುವುದು. ಒಂದು ದಿನ ನಿನ್ನ ಗಡಿಯಾರ ಗೋಪುರದ ಶಾಲೆಯ ಕಥೆ ಮುಗಿಸಿ, ಅವಳು ನನ್ನ ಚೀಲದಿಂದ ಒಂದು ಖಾಲಿ ತಪಾಸಣಾ ನಮೂನೆ ಎಳೆದು ತಂದಳು.

‘ಅಮ್ಮಾ, ಈ ಶಾಲೆ ಚೆಕ್ ಮಾಡು. ಪಾಸಾದ್ರೆ ನಾನು ಇದಕ್ಕೇ ಸೇರ್ತೀನಿ.’

ಆಟವೆಂದೇ ಬರೆದೆ. ಮಕ್ಕಳು ನಿಮಿಷದ ಮುಳ್ಳಿನ ಮೇಲೆ ಕುಳಿತು ತರಗತಿಯಿಂದ ತರಗತಿಗೆ ಹೋಗುತ್ತಾರೆ: ಹಿಡಿಯಲು ಕಂಬಿ ಇಲ್ಲ, ಬೆಲ್ಟ್ ಇಲ್ಲ, ಮುಳ್ಳು ಮೂರರ ಅಂಕಿ ದಾಟಿದ ಮೇಲೆ ಜಾರದೆ ಹಿಡಿದುಕೊಳ್ಳುವುದು ಹೇಗೆ ಎಂಬ ಸೂಚನೆ ಇಲ್ಲ. ಹಲ್ಲುಚಕ್ರಗಳಿಗೆ ಮರೆ ಇಲ್ಲ. ಬಳಕೆಗೆ ಯೋಗ್ಯವಲ್ಲ. ಅವಳು ಬಿದ್ದು ಬಿದ್ದು ನಕ್ಕಳು. ಆ ನಗುವಿಗೆ ಕೆಮ್ಮು ಬರಲಿಲ್ಲ ಎನ್ನುವುದನ್ನು ನಾನು ಗಮನಿಸಿದೆ. ಮರುದಿನ ತಿಮಿಂಗಿಲದ ಬೆನ್ನಿನ ಶಾಲೆ ತಂದಳು. ಮುಳುಗುವ ಮುಂಚೆ ಅದು ಮೂರು ಸಲ ಸೀನುತ್ತದೆ, ಅಷ್ಟರಲ್ಲಿ ಮಕ್ಕಳು ದಡಕ್ಕೆ ಹಾರಬೇಕು ಅಂತ ಬರೆದಿದ್ದೀಯ. ಎಚ್ಚರಿಕೆಗೆ ಇರುವುದು ಒಂದೇ ವ್ಯವಸ್ಥೆ, ಅದೂ ನೆಗಡಿಯನ್ನು ನಂಬಿಕೊಂಡದ್ದು! ಉಣ್ಣೆಯ ಶಾಲೆಗೆ ಬೆಂಕಿಯ ಅಪಾಯ. ಸುಳ್ಳು ಹೇಳಿದರೆ ಗೋಡೆಯ ಒಂದು ಸಾಲು ಬಿಚ್ಚಿಕೊಳ್ಳುವ ಕಟ್ಟಡದಲ್ಲಿ ಮೂವತ್ತು ಮಕ್ಕಳನ್ನು ಕೂರಿಸುತ್ತೀಯಲ್ಲ, ಒಂದು ವಾರ ನಿಂತೀತಾ ಅದು?

ಕರಡಿ ಮೇಷ್ಟ್ರ ಶಾಲೆಯ ಮೇಲೆ ಮಾತ್ರ ಜಗಳವೇ ಆಯಿತು. ಚಳಿಗಾಲ ಪೂರ್ತಿ ಮೇಷ್ಟ್ರು ಮಲಗಿರುತ್ತಾರೆ, ಮಕ್ಕಳೇ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಾರೆ. ‘ವರ್ಷಕ್ಕೆ ನಾಲ್ಕು ತಿಂಗಳು ಮೇಲ್ವಿಚಾರಕರಿಲ್ಲ’ ಎಂದು ಬರೆದೆ.

‘ಅದಕ್ಕೇ ಅಲ್ವಾ ಅಮ್ಮ, ಅದು ಚೆನ್ನಾಗಿರೋದು?’

‘ಯಾರಿಗಾದ್ರೂ ಜ್ವರ ಬಂದ್ರೆ?’

‘ಮೇಷ್ಟ್ರನ್ನ ಎಬ್ಬಿಸೋದು.’

‘ಏಳದಿದ್ರೆ?’

‘ಕಚಗುಳಿ ಇಡೋದು. ಅಷ್ಟೂ ಗೊತ್ತಾಗಲ್ವಾ ನಿಂಗೆ?’

ಫೇಲ್ ಮಾಡಿದೆ. ಹಿಟ್ಟು ಜರಡಿ ಹಿಡಿಯುತ್ತಿದ್ದ ಇವರು ಅಡುಗೆಮನೆಯಿಂದ ಕೂಗಿದರು: ‘ಇನ್ನು ಆ ಕರಡಿಗೆ ನೋಟೀಸ್ ಕಳಿಸೋದೊಂದು ಬಾಕಿ ನೋಡು ನಿಮ್ಮಮ್ಮಂಗೆ!’

ಅವಳು ಬಿಡುವವಳಲ್ಲ. ಫೇಲಾದ ಶಾಲೆಯನ್ನು ರಿಪೇರಿ ಮಾಡಿ ಮತ್ತೆ ತರುತ್ತಿದ್ದಳು. ಮುಳ್ಳಿನ ಮೇಲೆ ತೊಟ್ಟಿಲ ಹಾಗೆ ಬುಟ್ಟಿ ಕಟ್ಟಿದ ಚಿತ್ರ, ತಿಮಿಂಗಿಲಕ್ಕೆ ಕೆಂಪು ದೀಪ. ನಾನು ಬುಟ್ಟಿಯ ಹಿಡಿಕೆ ಸಾಲದು ಅನ್ನುತ್ತಿದ್ದೆ. ತಿಂಗಳುಗಳು ಕಳೆದು ಹನ್ನೊಂದೂ ಮುಗಿದವು. ನಿಜವಾದ ಶಾಲೆಯ ಮಾತನ್ನು ಅವಳು ಎತ್ತುತ್ತಲೇ ಇರಲಿಲ್ಲ. ಹೋದರೆ ನಮ್ಮ ಬೀದಿಯ ಕೊನೆಯ ಶಾಲೆಗೇ, ಬಸ್ಸಿನ ರಗಳೆ ಇಲ್ಲ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಬಾಲ್ಕನಿಯಿಂದ ಅದರ ಅಂಗಳದ ಒಂದು ಮೂಲೆ ಕಾಣುತ್ತದೆ. ಅವಳು ಅಲ್ಲಿ ನಿಂತು ನೋಡುವುದನ್ನು ಕಂಡಾಗೆಲ್ಲ, ಪಾಪ, ಮಕ್ಕಳ ಗುಂಪೆಂದರೆ ಹೆದರಿಕೆ ಹತ್ತಿಕೊಂಡಿದೆ, ಅದಕ್ಕೇ ಕಥೆಗಳೊಳಗೆ ಅವಿತುಕೊಳ್ಳುತ್ತಿದೆ ಮಗು ಎಂದುಕೊಂಡೆ. ಒತ್ತಾಯ ಮಾಡಬಾರದು ಎಂದು ಇವರಿಗೂ ಹೇಳಿದೆ.

ಹೋದ ಭಾನುವಾರ ಅವಳು ಅಷ್ಟೂ ನಮೂನೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿಕೊಂಡು ಕುಳಿತಿದ್ದಳು. ನಮ್ಮ ನಮೂನೆಯ ಕೊನೆಯಲ್ಲಿ ಮೂರು ಕಾಲಂ ಇರುತ್ತವೆ. ಎಡಗಡೆ, ಬಳಕೆಗೆ ಯೋಗ್ಯ. ಬಲಗಡೆ, ಯೋಗ್ಯವಲ್ಲ. ಮಧ್ಯದ್ದು, ದೋಷ ಸರಿಪಡಿಸುವ ಷರತ್ತಿನ ಮೇಲೆ ಬಳಸಬಹುದು.

‘ಅಮ್ಮಾ, ಈ ಮಧ್ಯದ್ದಕ್ಕೆ ನೀನು ಒಂದ್ಸಲನೂ ಟಿಕ್ ಹಾಕಿಲ್ಲ.’

ನೋಡಿದೆ. ಹೌದು. ಹನ್ನೊಂದು ಶಾಲೆ, ರಿಪೇರಿಯಾಗಿ ಬಂದವೂ ಸೇರಿ ಇಪ್ಪತ್ತಾರು ಹಾಳೆ, ಎಲ್ಲವೂ ಬಲಗಡೆಗೇ.

‘ನಿಜವಾದ ಲಿಫ್ಟಿಗೆ ಹಾಕ್ತೀಯಾ?’

ಸುಳ್ಳು ಹೇಳಲಾಗಲಿಲ್ಲ. ನೂರು ಲಿಫ್ಟು ನೋಡಿದರೆ ಎಂಬತ್ತಕ್ಕೆ ಅದೇ ಕಾಲಂ ಎಂದೆ. ಎಲ್ಲ ಸರಿಯಿರುವ ಲಿಫ್ಟನ್ನು ಇಪ್ಪತ್ತು ವರ್ಷದಲ್ಲಿ ನಾನು ನೋಡಿರುವುದು ಬೆರಳೆಣಿಕೆಯಷ್ಟು. ಎಲ್ಲೋ ಒಂದು ಗುಂಡಿಯ ದೀಪ ಹೋಗಿರುತ್ತದೆ, ಬಾಗಿಲು ಒಂದು ಕ್ಷಣ ತಡವಾಗಿ ಮುಚ್ಚುತ್ತದೆ, ಹಗ್ಗದಲ್ಲಿ ಒಂದೆರಡು ಎಳೆ ಕಿತ್ತಿರುತ್ತವೆ. ಬರೆದು, ದಿನ ಕೊಟ್ಟು, ಮತ್ತೆ ಹೋಗಿ ನೋಡುತ್ತೇವೆ.

‘ಅಲ್ಲಿವರೆಗೆ ಜನ ಅದರಲ್ಲಿ ಹೋಗ್ತಾರಾ?’

‘ಹೋಗ್ತಾರೆ.’

‘ನೀನೂ?’

‘ನಾನೂ.’

‘ನನ್ನನ್ನ ಕೂರಿಸ್ಕೊಂಡು?’

‘ಹೂಂ ಕಣೆ, ನಿನ್ನನ್ನೂ.’

ಅವಳು ಹಾಳೆಗಳನ್ನೆಲ್ಲ ಜೋಡಿಸಿ ಕ್ಲಿಪ್ಪು ಹಾಕಿದಳು. ಹೊಸದೊಂದು ನಮೂನೆ ಕೇಳಿದಳು. ‘ಯಾವ ಕಥೆಯದು?’ ಎಂದೆ. ‘ಕಥೆಯದಲ್ಲ. ಬೀದಿ ಕೊನೇದು.’

ಬುಧವಾರ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಹೋದೆ. ಹೆಡ್ ಮೇಡಂ ದಪ್ಪ ಕನ್ನಡಕದ, ತೋಳಿಗೆಲ್ಲ ಸೀಮೆಸುಣ್ಣ ಮೆತ್ತಿಕೊಂಡ ಹೆಂಗಸು. ಜೀರುಂಡೆ ನಮೂನೆ ಹಿಡಿದು ಪ್ರಶ್ನೆ ಶುರು ಮಾಡಿದಾಗ ಪುಣ್ಯಕ್ಕೆ ನಗಲಿಲ್ಲ, ಎದ್ದು ನಿಂತು ಉತ್ತರ ಕೊಟ್ಟರು.

‘ಗರಿಷ್ಠ ಸಾಮರ್ಥ್ಯ ಎಷ್ಟು?’

‘ಕ್ಲಾಸಿಗೆ ಮೂವತ್ತು ಜನ. ಗಲಾಟೆ ಮಾತ್ರ ಅರವತ್ತು ಜನರದ್ದು.’

‘ಕೊನೇ ಸಲ ಕೆಟ್ಟಿದ್ದು ಯಾವಾಗ?’

‘ನಿನ್ನೆ. ಕೈ ತೊಳೆಯೋ ನಲ್ಲಿ. ಇವತ್ತೂ ಕೆಟ್ಟೇ ಇದೆ, ಬರ್ಕೋ.’

‘ತುರ್ತು ಗಂಟೆ ಕೆಲಸ ಮಾಡುತ್ತಾ?’

‘ನೀನೇ ಒತ್ತಿ ನೋಡಮ್ಮ’ ಅಂದುಬಿಟ್ಟರು ಪುಣ್ಯಾತ್ಗಿತ್ತಿ! ಇವಳು ಒತ್ತಿದಳು. ಒತ್ತಿದ್ದೇ ತಡ, ಎಂಟೂ ಕೋಣೆಗಳಿಂದ ಮಕ್ಕಳು ಕಟ್ಟೆಯೊಡೆದ ಹಾಗೆ ನುಗ್ಗಿದರು. ಕೆಲವರು ಚೀಲವನ್ನೂ ಹೆಗಲಿಗೇರಿಸಿದ್ದರು, ಮನೆಗೇ ಬಿಟ್ಟರೆಂದುಕೊಂಡು. ಒಬ್ಬ ಮೇಷ್ಟ್ರು ಪುಸ್ತಕ ಹಿಡಿದೇ ಓಡಿಬಂದರು. ಜೀರುಂಡೆ ಆ ಪ್ರವಾಹದಲ್ಲಿ ಸಿಕ್ಕಿಕೊಂಡು ಹೊರಟೇ ಹೋದಳು. ನನಗೆ ಕಾಣಿಸಲಿಲ್ಲ. ಒಂದು ನಿಮಿಷ ಇದ್ದೀತು. ಆ ಒಂದು ನಿಮಿಷದಲ್ಲಿ ನಾನು ಅಂಗಳದ ಮೂರನೆಯ ಮೆಟ್ಟಿಲು ಒಡೆದಿರುವುದನ್ನು ಕಂಡೆ, ಧೂಳು ಕಂಡೆ, ಕಿಟಕಿಯೊಂದರ ಚಿಲಕ ಜೋತಾಡುವುದನ್ನು ಕಂಡೆ, ಮಗಳೊಬ್ಬಳನ್ನು ಬಿಟ್ಟು ಎಲ್ಲವನ್ನೂ ಕಂಡೆ.

ಅಂಗಳದ ಆ ತುದಿಯಲ್ಲಿ ಗೋಡೆಗೆ ಕೈಯೂರಿ ಬಗ್ಗಿ ನಿಂತಿದ್ದಳು. ಓಡಿದ್ದಾಳೆ! ಎದೆ ಏರಿಳಿಯುತ್ತಿತ್ತು. ಹೋಗಿ ಬೆನ್ನ ಮೇಲೆ ಕೈಯಿಟ್ಟು ನನಗೆ ಅಭ್ಯಾಸವಾಗಿರುವ ಹಾಗೆ ನಿಮಿಷಕ್ಕೆಷ್ಟು ಉಸಿರೆಂದು ಎಣಿಸಿದೆ. ನಲವತ್ತು, ಮೂವತ್ತೆರಡು, ಇಪ್ಪತ್ತಾರು. ತಾನಾಗಿಯೇ ಇಳಿಯಿತು. ಎರಡು ಜಡೆಯ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು: ‘ಗಂಟೆ ಒತ್ತಿದ್ದು ನೀನೇನಾ? ನಾಳೆನೂ ಬರ್ತೀಯಾ? ಗಣಿತದ ಪೀರಿಯಡ್ಡಿಗೆ ಒತ್ತು, ಪ್ಲೀಸ್.’

ಜೀರುಂಡೆ ಮೆಟ್ಟಿಲು, ನಲ್ಲಿ, ಚಿಲಕ ಎಂದು ಮೂರು ದೋಷ ಬರೆದಳು. ಷರಾ ಅನ್ನುವ ಜಾಗದಲ್ಲಿ ‘ಗಂಟೆ ತುಂಬಾ ಚೆನ್ನಾಗಿದೆ’ ಎಂದು ಬರೆದಳು. ಮಧ್ಯದ ಕಾಲಂಗೆ ಟಿಕ್ ಹಾಕಿ ಪೆನ್ನನ್ನು ನನ್ನ ಕೈಗೆ ಕೊಟ್ಟಳು. ಸಹಿ ಹಾಕಿದೆ. ಮೇಡಂ ಆ ಹಾಳೆಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಈಗ ನಿನಗೊಂದು ಮಾತು ಹೇಳಬೇಕು. ಇವರಿಗೂ ಹೇಳಿಲ್ಲ. ಡಾಕ್ಟರಮ್ಮ ಇವಳನ್ನು ಶಾಲೆಗೆ ಕಳಿಸಿ ಎಂದು ಹೇಳಿ ನಾಲ್ಕು ತಿಂಗಳಾಗಿದೆ. ಎಕ್ಸ್‌ರೇ ದೀಪಕ್ಕೆ ಹಿಡಿದು, ‘ಪೂರ್ತಿ ತಿಳಿಯಾಗಿದೆ, ಇನ್ನು ಓಡೋಕೆ ಬಿಡಿ. ಮನೇಲಿಟ್ಕೊಂಡು ಏನ್ ಮಾಡ್ತೀರಿ, ಷೋಕೇಸಲ್ಲಿಡ್ತೀರಾ?’ ಎಂದರು. ಮಗಳು ಹೊರಗೆ ಬೆಂಚಿನ ಮೇಲೆ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ನಾನು ಆ ಚೀಟಿಯನ್ನು ಮಡಚಿ, ಆಫೀಸಿನಲ್ಲಿ ಬ್ರೇಕುಗಳ ಹಳೆಯ ಕೈಪಿಡಿಯೊಳಗೆ ಇಟ್ಟುಬಿಟ್ಟೆ. ಮನೆಯಲ್ಲಿ ‘ಇನ್ನೊಂದು ಸ್ವಲ್ಪ ದಿನ ನೋಡೋಣ ಅಂದರು’ ಎಂದೆ. ಏಕೆ ಎಂದು ಕೇಳಬೇಡ. ಆ ಇಪ್ಪತ್ತೆರಡು ದಿನ ನೀನು ಆ ಮಂಚದ ಪಕ್ಕ ಕುಳಿತಿದ್ದರೆ ನೀನೂ ಅದನ್ನೇ ಮಾಡುತ್ತಿದ್ದೆ. ಇಲ್ಲ, ನೀನು ಮಾಡುತ್ತಿರಲಿಲ್ಲವೇನೋ. ನಿನ್ನ ಮಕ್ಕಳು ತಿಮಿಂಗಿಲದ ಮೇಲಿಂದ ಹಾರುವವರು.

ಆದರೂ ನನಗೆ ಈಗ ಸಮಾಧಾನವಿದೆ, ನಿಜವಾಗಿ. ಬುಧವಾರದಿಂದ ಎದೆಯೊಳಗೆ ಏನೋ ಸಡಿಲವಾದ ಹಾಗಿದೆ. ಬೆಳಿಗ್ಗೆ ಬಿಸಿ ಬ್ರೆಡ್ಡಿನ ವಾಸನೆ ಮೈಗಂಟಿಸಿಕೊಂಡು ಇವರು ಬಂದಾಗ, ಅಪ್ಪ ಮಗಳು ಕಿತ್ತಾಡುವುದನ್ನು ಕೇಳುತ್ತ ಸುಮ್ಮನೆ ಮಲಗಿದ್ದೆ. ಎಷ್ಟು ದಿನವಾಗಿತ್ತು ಹಾಗೆ ಮಲಗಿ!

ಮೇಡಂ ನಾಳೆ ಸೋಮವಾರದಿಂದಲೇ ಕಳಿಸಿ ಎಂದಿದ್ದಾರೆ. ಆದರೆ ಸಮವಸ್ತ್ರ ಹೊಲಿಸಿಲ್ಲ ನೋಡು. ಹಳೆಯ ಶಾಲೆಯದು ಬಣ್ಣವೇ ಬೇರೆ, ಮೊಣಕಾಲಿಗೂ ಬರುವುದಿಲ್ಲ. ಕೆಳಗಿನ ಮನೆಯ ಟೈಲರ್ ಅಕ್ಕ ಆ ಶಾಲೆಯ ಅರ್ಧ ಮಕ್ಕಳಿಗೆ ಹೊಲಿಯುವವರು, ಅವರಿಗೆ ಬಿಡುವಿರಲಿಕ್ಕಿಲ್ಲ. ನಾನು ಕೇಳಿಲ್ಲ, ಆದರೆ ಇರಲಿಕ್ಕಿಲ್ಲ. ಎಲ್ಲರ ನಡುವೆ ಬೇರೆ ಬಟ್ಟೆಯಲ್ಲಿ ಒಬ್ಬಳೇ ಕುಳಿತರೆ ಮಗುವಿಗೆ ಮುಜುಗರವಲ್ಲವೇ? ಅದಕ್ಕೇ ಮುಂದಿನ ಸೋಮವಾರ, ಹೆಚ್ಚೆಂದರೆ ಅದರ ಮುಂದಿನದು ಎಂದು ಊಟದ ಹೊತ್ತಿಗೆ ಹೇಳಿದೆ. ಇವರು ನನ್ನ ಮುಖ ನೋಡಿ, ಮಗಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು. ಅವಳು ಹಟ ಮಾಡಲಿಲ್ಲ. ‘ಸರಿ ಅಮ್ಮ’ ಎಂದು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಹೋದಳು. ನೋಡಿದೆಯಾ, ಒಳಗೊಳಗೇ ಅವಳಿಗೂ ಅಳುಕಿದೆ. ನಾನು ಮಾಡುತ್ತಿರುವುದು ಸರಿ ಎಂದು ನೀನು ಒಂದು ಸಾಲು ಬರೆದರೆ ಸಾಕು.

ಹಾಗೇ ಆ ಉಣ್ಣೆ ಶಾಲೆಯ ಮೊದಲ ಸಾಲನ್ನೂ ಬರೆದು ಕಳಿಸು. ಕಣ್ಣಿನ ಆಪರೇಷನ್ ಮಾಡಿಸಿಕೊಂಡೆಯಾ? ಮುಂದೂಡಬೇಡ, ಇನ್ನೊಬ್ಬರಿಗೆ ಹೇಳುವಾಗ ನಾನು ಬಹಳ ಗಟ್ಟಿ.

ಇಂತು ನಿನ್ನ ಹಳೆಯ ಕೋಣೆಯ ಜೊತೆಗಾತಿ,
ಲಿಫ್ಟಮ್ಮ

ಲಕೋಟೆ ಅಂಟಿಸುವ ಮುಂಚೆ ಸೇರಿಸಿದ್ದು, ಸಂಜೆ ಐದೂವರೆ:

ಈಗಷ್ಟೇ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಟೈಲರ್ ಅಕ್ಕ, ಕೊರಳಲ್ಲಿ ಅಳತೆಯ ಟೇಪು, ತೋಳಿನ ಮೇಲೆ ಇನ್ನೂ ಇಸ್ತ್ರಿಯ ಬಿಸಿ ಆರದ ಒಂದು ಜೊತೆ ಸಮವಸ್ತ್ರ. ಅವರ ಹಿಂದೆ ಮೆಟ್ಟಿಲ ಮೇಲೆ ಜೀರುಂಡೆ, ಎಂದೂ ಇಲ್ಲದ ಹಾಗೆ ಬಾಯಿ ಮುಚ್ಚಿಕೊಂಡು. ಅಳತೆಯನ್ನೇ ಕೊಟ್ಟಿಲ್ಲವಲ್ಲ ಎಂದು ನಾನು ತಡವರಿಸಿದೆ.

‘ಯಾರ್ರೀ ಹೇಳಿದ್ದು?’ ಎಂದರು ಅಕ್ಕ. ‘ಅಳತೆ ಕೊಟ್ಟು ನಾಲ್ಕು ತಿಂಗಳಾಯ್ತು ಇವಳು. ಡಾಕ್ಟರ್ ಹತ್ರ ಹೋಗ್ಬಂದ ಸಂಜೇನೇ ಓಡ್ಬಂದಿದ್ಲು, ಬಾಗಿಲಾಚೆ ಎಲ್ಲಾ ಕೇಳಿಸ್ತು ಅಂತ. ಬೆಳೀತಾಳಲ್ಲ ಅಂತ ಎರಡಿಂಚು ಒಳಗೆ ಮಡಚಿ ಹೊಲಿದಿದ್ದೆ, ಈಗ ಬಿಚ್ಚಿದೀನಿ. ಯಾವಾಗ ತಗೊಂಡ್ಹೋಗ್ತೀಯೇ ಅಂತ ಕೇಳ್ದಾಗೆಲ್ಲ ಒಂದೇ ಮಾತು ನೋಡಿ ಇವಳದ್ದು: ಇನ್ನೊಂದು ಸ್ವಲ್ಪ ದಿನ ಇಟ್ಕೊಂಡಿರಿ ಅಕ್ಕ, ನಮ್ಮಮ್ಮ ಇನ್ನೂ ರೆಡಿ ಆಗಿಲ್ಲ.’