ಕೈಗೆಟುಕದ ಚಿಲಕ

ಒಳಗಿದ್ದುಕೊಂಡೇ ಒದೆಯುತ್ತಿರುವ ಪುಟ್ಟಾ,

ಹೊಟ್ಟೆಯಲ್ಲಿರುವ ಮಗುವಿನ ಹತ್ತಿರ ಒಳ್ಳೊಳ್ಳೆಯ ಮಾತಾಡಬೇಕಂತೆ. ನನ್ನ ಹತ್ತಿರ ಸದ್ಯಕ್ಕೆ ಇರುವುದು ಒಂದೇ ಮಾತು, ಅದೂ ಅಂಥ ಒಳ್ಳೆಯದೇನಲ್ಲ. ನನಗೆ ನಿನ್ನ ಅಳುವಿನ ಭಯ. ನೀನಿನ್ನೂ ಒಂದು ಸಲವೂ ಅತ್ತಿಲ್ಲ, ನಾನು ಆಗಲೇ ಹೆದರಿ ಕೂತಿದ್ದೇನೆ.

ನಿನಗೊಬ್ಬಳು ಅಕ್ಕ ಇದ್ದಾಳೆ. ಆರು ವರ್ಷದವಳು. ಬಟ್ಟೆಯ ಹೊಲಿಗೆ ಮೈಗೆ ತಾಗಿದರೆ ಇರುವೆ ಕಚ್ಚಿದ ಹಾಗೆ ಕುಣಿಯುತ್ತಾಳೆ, ಅದಕ್ಕೇ ಅಂಗಿಯನ್ನು ಉಲ್ಟಾ ಹಾಕಿಕೊಳ್ಳುತ್ತಾಳೆ. ನಾನೋ ಮನೆಯ ಮುಂದಿನ ಕೋಣೆಯಲ್ಲೇ ಟೈಲರ್ ಅಂಗಡಿ ಇಟ್ಟವಳು. ಟೈಲರಮ್ಮನ ಮಗಳೇ ಉಲ್ಟಾ ಅಂಗಿಯಲ್ಲಿ ಬೀದಿ ಸುತ್ತಿದರೆ ಅಂಗಡಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ? ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅವಳ ಅಂಗಿಗಳನ್ನು ಅಂಚು ಹೊರಗಿಟ್ಟೇ ಹೊಲಿಯುತ್ತೇನೆ. ಕೇಳಿದವರಿಗೆ ಹೊಸ ಫ್ಯಾಷನ್ ಎಂದುಬಿಡುತ್ತೇನೆ.

ಸದ್ದಿನ ಕತೆ ಮಾತ್ರ ನಗುವಂಥದ್ದಲ್ಲ. ಕುಕ್ಕರ್ ಕೂಗಿದರೆ ಅವಳು ಮಂಚದ ಕೆಳಗೆ. ಪಕ್ಕದವರು ಬಾಗಿಲನ್ನು ಧಡಾರೆಂದು ಹಾಕಿದರೆ ಅವತ್ತು ಊಟವಿಲ್ಲ. ಆದರೆ ನನ್ನ ಹೊಲಿಗೆ ಮೆಷಿನ್ನಿಗೆ ಒರಗಿಕೊಂಡು ಗಂಟೆಗಟ್ಟಲೆ ಕೂರುತ್ತಾಳೆ. "ಈಗ ಹೊಡಿ" ಎನ್ನುತ್ತಾಳೆ, ನಾನು ತುಳಿಯುತ್ತೇನೆ. ಹೇಳಿ ಬರುವ ಸದ್ದು ಅವಳಿಗೆ ಸ್ನೇಹಿತ, ಹೇಳದೆ ಬರುವುದು ವೈರಿ. ಅವಳ ಥೆರಪಿ ಮೇಡಂ ಒಮ್ಮೆ ಹೇಳಿದರು: "ಇದು ಹಟ ಅಲ್ಲಮ್ಮ. ನಮಗೆ ಕೇಳ್ಸೋ ಸದ್ದು ಅವಳಿಗೆ ನೋಯುತ್ತೆ."

ದಿನಾ ಸಂಜೆ ಅವಳಿಗೆ ನಾಳೆಯ ಸಂಗತಿಯೆಲ್ಲ ಬಿಡಿಸಿ ಹೇಳಬೇಕು. ಯಾರು ಬರುತ್ತಾರೆ, ಯಾವ ಚಪ್ಪಲಿ, ಶಾಲೆಯಲ್ಲಿ ಗಂಟೆ ಹೊಡೆಯುವುದು ಯಾವಾಗ, ಎಲ್ಲ. ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. "ಪಾಪು ಎಷ್ಟು ಗಂಟೆಗೆ ಅಳುತ್ತೆ?" ಗೊತ್ತಿಲ್ಲ ಮರೀ ಎಂದರೆ ಅಂಗಿಯ ಕಾಲರ್ ಕಚ್ಚತೊಡಗುತ್ತಾಳೆ, ಅದು ಒದ್ದೆಯಾಗುವವರೆಗೂ ಬಿಡುವುದಿಲ್ಲ.

ಹೋದ ತಿಂಗಳು ಗಿರಾಕಿಯೊಬ್ಬರು ಕೈಗೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಅಂಗಡಿಗೆ ಬಂದರು. ಅಕ್ಕ ಒಳಗೆ ಆಡುತ್ತಿದ್ದಳು. ಗಿರಾಕಿ ಪರದೆಯ ಹಿಂದೆ ಹೊಸ ಬಟ್ಟೆ ಹಾಕಿ ನೋಡುತ್ತಿದ್ದರು, ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವರ ಸೊಂಟದ ಹತ್ತಿರ ಬಟ್ಟೆ ಹಿಡಿಯುತ್ತಿದ್ದೆ. ಕೂಸು ಎದ್ದು ಕಿರುಚಿಕೊಂಡಿತು. ಹಾಗೆ ಕಿರುಚುತ್ತಿದ್ದದ್ದು ತಟ್ಟನೆ ನಿಂತುಹೋಯಿತು. "ಅಬ್ಬ, ಇವತ್ತು ತಾನಾಗೇ ಸುಮ್ಮನಾಯ್ತು ನೋಡಿ" ಎಂದು ಅವರು ನಕ್ಕರು. ನಾನು ಬಾಯಲ್ಲಿದ್ದ ಗುಂಡುಸೂಜಿ ಉಗುಳಿದೆ. ಪರದೆ ಸರಿಸಿ ಓಡಿದೆ.

ನಿನ್ನ ಅಕ್ಕನ ಅಂಗೈ ಆ ಕೂಸಿನ ಬಾಯಿಯ ಮೇಲಿತ್ತು. ಮೂಗಿನ ಮೇಲೂ ಇತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಕೂಸಿನ ಮುಖ ಕೆಂಪಗೆ ಕಂದಿತ್ತು. ಕೈಯನ್ನು ಕಿತ್ತು ತೆಗೆದೆ. ಅದು ಉಸಿರೆಳೆದು ಮತ್ತೆ ಅತ್ತಿತಲ್ಲ, ಆ ಅಳು ಕೇಳಿ ನನಗೆ ಹೋದ ಜೀವ ಬಂದ ಹಾಗಾಯಿತು. ಗಿರಾಕಿ ಗುಂಡಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಕೂಸು ನನ್ನ ತೋಳಿನಲ್ಲಿತ್ತು, ಅಕ್ಕ ಮಂಚದ ಕೆಳಗಿದ್ದಳು. ನಾನು ಬಾಯಿ ಬಿಡಲಿಲ್ಲ.

ಸಂಜೆ ನಿಮ್ಮಪ್ಪನಿಗೆ ಹೇಳಿದೆ. ಅವರು ಲಿಫ್ಟ್ ಮೆಕ್ಯಾನಿಕ್. ಯಾವುದಕ್ಕೂ ತಲೆ ಕೆಡಿಸಿಕೊಳ್ಳುವವರಲ್ಲ, "ಬಂದಾಗ ನೋಡ್ಕೊಳ್ಳೋಣ ಬಿಡೇ" ಎನ್ನುವುದೇ ಅವರ ಪಾಠ. ಅವತ್ತು ಹಾಗನ್ನಲಿಲ್ಲ. ಮರುದಿನ ಕೆಲಸದಿಂದ ಬರುವಾಗ ಒಂದು ಚಿಲಕ ತಂದರು. "ಈಗ ಸದ್ದು ಬರುತ್ತೆ ಮಗಳೇ, ಕಿವಿ ಮುಚ್ಕೋ" ಎಂದು ಹೇಳಿಯೇ ಡ್ರಿಲ್ ಹಿಡಿದರು. ನಾನೂ ನೀನೂ ಮಲಗಬೇಕಾದ ಕೋಣೆಯ ಬಾಗಿಲಿಗೆ, ಒಳಗಡೆಯಿಂದ, ನಿನ್ನ ಜೊತೆ ಅವಳೇ ಒಳಗೆ ಸೇರಿ ಹಾಕಿಕೊಳ್ಳದ ಹಾಗೆ, ಸ್ಟೂಲು ಹತ್ತಿದರೂ ಸಿಗದಷ್ಟು ಎತ್ತರದಲ್ಲಿ ಅದನ್ನು ಕೂರಿಸಿದರು. ಅವಳು ಕತ್ತೆತ್ತಿ ನೋಡಿದಳು. "ಯಾಕಪ್ಪ ಅಷ್ಟು ಮೇಲೆ?" ಅವರು ಡ್ರಿಲ್ಲಿನ ವೈರು ಸುತ್ತಿಟ್ಟರು. "ಪಾಪು ಒಳಗೆ, ನಾನು ಹೊರಗಾ?" ನಿಮ್ಮಪ್ಪ ಉಳಿದ ಸ್ಕ್ರೂಗಳನ್ನು ಡಬ್ಬಿಗೆ ತುಂಬುತ್ತಲೇ ಇದ್ದರು, ಅವು ಮುಗಿದ ಮೇಲೂ.

ನಿಮ್ಮಜ್ಜಿಗೂ, ಅಂದರೆ ನನ್ನಮ್ಮನಿಗೂ, ವಿಷಯ ತಿಳಿಯಿತು. "ಅವಳನ್ನ ನನ್ನ ಹತ್ರ ಬಿಡು, ಒಂದು ವರ್ಷ ಇರ್ಲಿ. ಈ ಕೂಸು ಸ್ವಲ್ಪ ಗಟ್ಟಿಯಾಗ್ಲಿ" ಎಂದರು. ಅಮ್ಮನ ಮಾತಿನಲ್ಲಿ ತಪ್ಪೇನಿರಲಿಲ್ಲ. ತಲೆದಿಂಬು ಬದಲಾದರೆ ನಿದ್ದೆ ಬಾರದ ಮಗುವಿಗೆ ಒಂದು ವರ್ಷ ಎಂದರೆ ಏನು ಎನ್ನುವುದು ನನಗೆ ಗೊತ್ತು. ಗೊತ್ತಿದ್ದೂ ಹೂಂ ಅಂದೆ. ನಿನ್ನನ್ನು ಉಳಿಸಿಕೊಳ್ಳಬೇಕಿತ್ತಲ್ಲ.

ಅಜ್ಜಿಮನೆಗೆ ಕಳಿಸಲು ಅವಳ ಬಟ್ಟೆ ಮಡಿಸುವಾಗ ಮನಸ್ಸು ತಡೆಯದೆ ಅವಳನ್ನು ಕೇಳಿಯೇಬಿಟ್ಟೆ, ಅವತ್ತು ಆ ಪಾಪುವಿನ ಬಾಯಿ ಯಾಕೆ ಮುಚ್ಚಿದೆ ಅಂತ. ಸಿಟ್ಟು ಬಂತು, ಕಿವಿ ನೋಯ್ತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನೇ ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಅದಕ್ಕೆ ನಿಲ್ಸೋಕೆ ಆಗ್ತಿರ್ಲಿಲ್ಲ ಅಮ್ಮ. ನಂಗೂ ಆಗಲ್ಲ ಅಲ್ವಾ? ನೀನು ಗಟ್ಟಿಯಾಗಿ ಒತ್ತಿ ಹಿಡ್ಕೊಂಡ್ರೆ ನಿಲ್ಲುತ್ತೆ. ಅದಕ್ಕೇ ಒತ್ತಿದೆ."

ನಿಜ. ಅವಳು ತಡೆಯಲಾಗದೆ ಚೀರುವಾಗ ನಾನು ಮಾಡುವುದು ಅದನ್ನೇ. ಅಪ್ಪಿಕೊಂಡು ಎರಡೂ ತೋಳಿನಿಂದ ಒತ್ತಿ ಹಿಡಿಯುತ್ತೇನೆ. ಇನ್ನೂ ಗಟ್ಟಿ, ಇನ್ನೂ ಗಟ್ಟಿ ಎನ್ನುತ್ತ ಅವಳು ತಣ್ಣಗಾಗುತ್ತಾಳೆ. ಆ ಕೂಸಿಗೆ ಅವಳು ತನಗೆ ಗೊತ್ತಿದ್ದ ಒಂದೇ ಉಪಕಾರ ಮಾಡಿದ್ದಳು. ಅಲ್ಲಿಗೆ ನನ್ನ ಭಯ ಇಳಿಯಬೇಕಿತ್ತು, ಏರಿತು. ಸಿಟ್ಟಾಗಿದ್ದರೆ ಗದರಿ ತಿದ್ದಬಹುದಿತ್ತು. ಕರುಣೆಗೆ ಏನೆಂದು ಗದರಲಿ?

ಮಡಿಸಿದ ಬಟ್ಟೆಗಳನ್ನು ತಿರುಗಿ ಗೂಡಿಗಿಟ್ಟೆ. ಅವಳನ್ನು ಕಳಿಸುವುದಿಲ್ಲ ಎಂದು ಅಮ್ಮನಿಗೆ ಫೋನ್ ಮಾಡಿದೆ. "ಅಷ್ಟು ಧೈರ್ಯ ಇದೆಯೇನೇ ನಿಂಗೆ?" ಎಂದು ಕೇಳಿದರು. ಇಲ್ಲ ಅಂದೆ.

ಆಮೇಲೆ ನಾವಿಬ್ಬರೂ ಒಂದು ಆಟ ಶುರುಮಾಡಿದೆವು. ನಾನು "ಈಗ ಪಾಪು ಅಳುತ್ತೆ" ಎಂದು ಹೇಳಿ ಕೂಸಿನ ಹಾಗೆ ಅಳಬೇಕು. ಅವಳು ಓಡಿಬಂದು ಪಾಪುವನ್ನಲ್ಲ, ನನ್ನ ಭುಜವನ್ನು ಒತ್ತಬೇಕು. ಪಾಪುವನ್ನು ಸಮಾಧಾನ ಮಾಡುವುದು ನನ್ನ ಕೆಲಸ. ಚೆನ್ನಾಗಿಯೇ ಆಡುತ್ತಾಳೆ. ನನ್ನ ಅಳು ಕೂಸಿನ ಹಾಗಿಲ್ಲ, ಬೆಕ್ಕಿನ ಹಾಗಿದೆ ಎಂದು ನಗುತ್ತಾಳೆ ಕೂಡ.

ಮೊನ್ನೆ ನಿನಗಾಗಿ ಹೊಲಿದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ಅಂಗೈಯಗಲದ ಎದೆ, ಬೆರಳು ಹೋಗುವಷ್ಟು ತೋಳು. ಇಷ್ಟೇ ಇಷ್ಟು ಜೀವ ಎನ್ನಿಸಿ ನಿಜವಾಗಿಯೇ ಅಳು ಬಂತು. ಹೇಳದೆ ಕೇಳದೆ, ಜೋರಾಗಿ. ಅವಳು ಓಡಿಬಂದಳು. ಅವಳ ಕೈ ಮೊದಲು ಬಂದದ್ದು ನನ್ನ ಬಾಯಿಗೆ. ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಇಳಿದು ಭುಜ ಹಿಡಿಯಿತು.

ನಾನು ಅವಳನ್ನು ಮುದ್ದಾಡಿದೆ, ಜಾಣೆ ಅಂದೆ. ಆದರೆ ಪುಟ್ಟಾ, ಆ ಒಂದು ಗಳಿಗೆ ಇದೆಯಲ್ಲ, ನೀನು ಬಂದು ಬದುಕಬೇಕಾದದ್ದು ಅದರೊಳಗೇ.

ಹಾಗಂತ ನೀನು ಅಳದೆ ಇರಬೇಡ. ಹುಟ್ಟಿದ ಕೂಡಲೇ ಮನಸಾರೆ ಕಿರುಚು. ಹಸಿದರೆ, ಒದ್ದೆಯಾದರೆ, ಏನೂ ಆಗದಿದ್ದರೂ ಅಳು. ಅಕ್ಕನಿಗೆ ಹೆದರಬೇಡ, ಆ ಕೆಲಸ ನನಗಿರಲಿ. ನೂರು ವರ್ಷ ಬಾಳು ಕಂದಾ. ನಿನ್ನ ಅಳು ಯಾವಾಗಲೂ ಅವಳಿಗಿಂತ ಮೊದಲು ನನ್ನನ್ನು ಮುಟ್ಟಲಿ.

ಇಬ್ಬರಿಗೂ ಒಬ್ಬಳೇ ಆದ,
ಅಮ್ಮ