ಮಹಾರಾಜರ ಮಾತಿಗೆ ಬಿಟ್ಟ ಜಾಗ

ಬುಧವಾರ, ಮಧ್ಯಾಹ್ನ
ರಂಗಮಂದಿರದ ಬಣ್ಣದ ಕೋಣೆ

ತಮ್ಮನ ಟೈಲ್ಸ್ ಅಂಗಡಿ ಸೇರಿರುವ ನಮ್ಮ ಮಹಾರಾಜರಿಗೆ, ಹಳೆಯ ಸಲುಗೆಯ ನಮಸ್ಕಾರ.

"ನಾಟಕ ಸಾಕು, ಊಟ ಬೇಕು" ಎಂದು ಬಾಗಿಲಲ್ಲಿ ನಿಂತು ಹೇಳಿ ಹೋದಿರಿ. ನಾಟಕ ಬರೆಯುವ ಹೆಂಡತಿಯ ಜೊತೆ ಇಷ್ಟು ವರ್ಷ ಬಾಳಿ ನೀವು ಸ್ವಂತವಾಗಿ ಕಟ್ಟಿದ ಪ್ರಾಸ ಅದೊಂದೇ. ಕೋಪದಲ್ಲೂ ಮೆಚ್ಚಿಕೊಂಡೆ.

ಸುದ್ದಿ ಏನೆಂದರೆ, ಈ ಸಾಂಕ್ರಾಮಿಕದಲ್ಲಿ ಬಾಗಿಲು ಮುಚ್ಚಿದ ಕಲಾ ಸಂಘಗಳಿಗೆ ಸರ್ಕಾರ ಕೊಡುತ್ತಿರುವ ನೆರವು ನಮಗೂ ಮಂಜೂರಾಗಿದೆ. ಮಂದಿರದ ಬಾಡಿಗೆ ತೀರುತ್ತದೆ, ಕಲಾವಿದರಿಗೆ ಕೆಲವು ತಿಂಗಳ ಸಂಬಳವೂ ಬರುತ್ತದೆ. ಮಂದಿರವನ್ನು ಸೋಫಾ ಗೋದಾಮು ಮಾಡಲು ಜಾಗ ಅಳೆದುಕೊಂಡು ಹೋಗಿದ್ದ ಮಾಲೀಕರು ಈಗ ಮೊದಲ ಪ್ರದರ್ಶನಕ್ಕೆ ಪಾಸು ಕೇಳುತ್ತಿದ್ದಾರೆ.

ಸುಲಭಕ್ಕೆ ಸಿಗಲಿಲ್ಲ ಅನ್ನಿ. ಸಂಘ ಇನ್ನೂ ಉಸಿರಾಡುತ್ತಿದೆಯೇ ಎಂದು ಅಧಿಕಾರಿಗೆ ಖಾತ್ರಿಯಾಗಬೇಕಿತ್ತು. ನಾವು ದಿನಾ ಸಂಜೆ ಫೋನಿನಲ್ಲೇ ತಾಲೀಮು ಮಾಡುತ್ತಿದ್ದೆವು. ಬಾರದವರ ಮಾತಿಗೆ ಬೇಕಾದಷ್ಟು ಹೊತ್ತು ಜಾಗ ಬಿಟ್ಟು ಮುಂದೆ ಹೋಗುವ ಪದ್ಧತಿ ನೀವೇ ಮಾಡಿದ್ದಲ್ಲವೇ? ಒಂದು ಸಂಜೆ ಅಧಿಕಾರಿಯೂ ಅದೇ ಫೋನಿಗೆ ಕಿವಿಗೊಟ್ಟು ಕೂತರು. ಮಂತ್ರಿ, ಸೇನಾಪತಿ ಚೆನ್ನಾಗಿಯೇ ಕೂಗಾಡಿದರು. ಆಮೇಲೆ ಮಹಾರಾಜನ, ಅಂದರೆ ನಿಮ್ಮ, ಉದ್ದನೆಯ ಮಾತು ಬಂತು. ಎಲ್ಲರೂ ಸುಮ್ಮನಾದೆವು. ಅಧಿಕಾರಿ "ಹಲೋ, ಹಲೋ" ಎಂದರು. ತಾಲೀಮಿನ ನಡುವೆ ಬೇರೆ ಮಾತಾಡಬಾರದಲ್ಲ, ನಮ್ಮವರೊಬ್ಬರೂ ಬಾಯಿ ಬಿಡಲಿಲ್ಲ. ಇಲ್ಲಿ ಸಂಘವೂ ಇಲ್ಲ, ಗಿಂಘವೂ ಇಲ್ಲ ಎಂದುಕೊಂಡು ಅವರು ಫೋನಿಟ್ಟರು.

ಟಿಕೆಟ್ ಕಿಟಕಿಯಲ್ಲಿ ಕೂರುವ ಅತ್ತೆ ಬಿಟ್ಟಾರೆಯೇ? ತಾವೇ ಫೋನ್ ಮಾಡಿ, "ನನ್ನ ಮಗ ಮಾತು ಮುಗಿಸೋ ತನಕ ತಾಳ್ಕೊಳ್ಳೋಕಾಗ್ಲಿಲ್ವಾ ಸ್ವಾಮಿ?" ಎಂದು ದಬಾಯಿಸಿದರು. ಮಗ ಎಲ್ಲಿದ್ದಾನೆಂದು ಕೇಳಿದ್ದಕ್ಕೆ, "ಅಂಗಡೀಲಿ. ಮಾತು ಮಾತ್ರ ಇಲ್ಲೇ ಬಿಟ್ಟು ಹೋಗಿದ್ದಾನೆ" ಎಂದರು. ಮರುದಿನ ಅಧಿಕಾರಿ ಮತ್ತೆ ಕೂತರು. ನಿಮ್ಮ ಮೌನವನ್ನೂ ಪೂರ್ತಿ ಕೇಳಿದರು. ಸಂಬಳದ ಪಟ್ಟಿಯಲ್ಲಿ ನಿಮ್ಮನ್ನೂ ಸೇರಿಸಿದರು.

ನಿನ್ನೆ ಬೀಗ ತೆಗೆದೆವು. ಮುಖದ ಬಣ್ಣ, ಮುಗ್ಗಿದ ಪರದೆ, ಅದೇ ವಾಸನೆ. ತುಂಬಿದ ದರ್ಬಾರಿನಲ್ಲಿ ಅಂಟಿಸಿದ ಮೀಸೆ ಉದುರಿದಾಗ "ಯಾರಲ್ಲಿ, ಈ ದ್ರೋಹಿಯನ್ನು ಸೆರೆಹಿಡಿಯಿರಿ" ಎಂದಿರಲ್ಲ, ಅದು ನೆನಪಾಗಿ ಖಾಲಿ ಕುರ್ಚಿಗಳ ನಡುವೆ ಒಬ್ಬಳೇ ನಕ್ಕೆ. ಅವತ್ತು ಪರದೆಯ ಹಿಂದೆ ಒಂದೇ ಲೋಟದಲ್ಲಿ ಚಹಾ ಕುಡಿದಿದ್ದೆವು. ಸಕ್ಕರೆ ನಿಮಗೆ ಜಾಸ್ತಿ, ನನಗೆ ಕಮ್ಮಿ. ಇಬ್ಬರಿಗೂ ರುಚಿಸದ ಚಹಾ. ಎಷ್ಟು ಚೆನ್ನಾಗಿತ್ತು.

ಮುಂದಿನ ತಿಂಗಳ ಮೊದಲ ಶನಿವಾರ ಪ್ರದರ್ಶನ. ಬರಲೇಬೇಕೆಂದು ನಾನು ಹೇಳುವುದಿಲ್ಲ. ನೀವು ಒಲ್ಲೆ ಎಂದರೆ ಪಾತ್ರ ಸೇನಾಪತಿಗೆ ಹೋಗುತ್ತದೆ. ನಿಮ್ಮ ನಿಲುವಂಗಿ ಅವನ ಹೊಟ್ಟೆಯನ್ನು ಒಪ್ಪಬೇಕಷ್ಟೆ. ಅತ್ತೆಯ ಮಾತು ಬೇರೆ: "ಬಂದ್ರೆ ಬರ್ಲಿ, ಟಿಕೆಟ್ ಇಲ್ದೆ ಒಳಗೆ ಬಿಡಲ್ಲ."

ಇಂತು,
ಮುನಿಸಿನವಳು, ಮನೆಯವಳು

ತಾ.ಕ.: ಅತ್ತೆಗೆ ಓದಿ ಹೇಳಿದ್ದು ಮೇಲಿನಷ್ಟೇ. ತಾಲೀಮಿನಲ್ಲಿ ನಿಮ್ಮ ಮಾತು ಮುಗಿಯಿತೆಂದು ಕೆಮ್ಮಿ ಎಲ್ಲರಿಗೂ ಸನ್ನೆ ಕೊಡುತ್ತಿದ್ದವಳು ನಾನು. ಫೋನನ್ನು ಅಂಗೈಯಲ್ಲಿ ಮುಚ್ಚಿ, ನಿಮ್ಮ ಮಾತಷ್ಟನ್ನೂ ನಾನೇ ಪಿಸುಗುಟ್ಟುತ್ತಿದ್ದೆ. ನೀವು ಯಾವಾಗಲೂ ನನ್ನ ಪ್ರಾಸ ಕೆಡಿಸುತ್ತಿದ್ದ ಕಡೆಯಲ್ಲೆಲ್ಲ ನಾನೂ ಕೆಡಿಸಿಯೇ ಹೇಳುತ್ತಿದ್ದೆ. ಸರಿಯಾಗಿ ಹೇಳಿದರೆ ನನಗೆ ನಿಮ್ಮ ದನಿ ಕೇಳಿಸುತ್ತಿರಲಿಲ್ಲ.