ಭಾವಮೈದನ ಕಾಫಿ

ಹನ್ಯಾ ಪಟ್ಟಣ, ಕ್ರೀಟ್
14 ಮೇ 1987, ಗುರುವಾರ

ನನ್ನ ಅರ್ಗಿರೋ,

ಮಂಡಿನೋವು ಹೇಗಿದೆ? ರಾಕಿ ಸಾರಾಯಿ ಹಚ್ಚಿ ತಿಕ್ಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಆಡುಗಳನ್ನು ನೀನೇ ಅಟ್ಟಿಕೊಂಡು ಹೋಗಬೇಡ, ಪಕ್ಕದ ಮನೆಯವರಿಗೆ ಹೇಳು. ನಾನು ಚೆನ್ನಾಗಿದ್ದೇನೆ.

ರಜೆ ಎಂದರೆ ಸುಮ್ಮನೆ ಕೂರುವುದು ಎಂದುಕೊಂಡಿದ್ದೆ. ನಿನ್ನ ಮಗಳು ರೊಡಾಂಥಿ ಕೂರಲು ಬಿಟ್ಟರೆ ತಾನೆ! ಹಳೆಯ ಬಂದರನ್ನು ಸುತ್ತಿಸಿದ್ದೇ ಸುತ್ತಿಸಿದ್ದು. ವೆನಿಸ್‌ನವರು ಹಡಗು ಕಟ್ಟುತ್ತಿದ್ದ ಕಮಾನುಗಳ ಕೆಳಗೆ ಈಗ ಬಲೆಗಳು ಒಣಗುತ್ತಿವೆ. ಅಲ್ಲಿಂದ ದೀಪಸ್ತಂಭದವರೆಗೆ ಕಲ್ಲುಗಳ ಮೇಲೆ ನಡೆಸಿದಳು, "ಬೆಟ್ಟದಲ್ಲಿ ಆಡಿನ ಹಿಂದೆ ಓಡ್ತೀಯಲ್ಲಪ್ಪಾ, ಇಲ್ಲೇನು ರೋಗ?" ಎಂದು ಹಂಗಿಸುತ್ತ. ಚಾಕು ಮಾಡುವವರ ಬೀದಿಯಲ್ಲಿ ನನ್ನ ಸೊಂಟದ ಚಾಕುವಿಗೆ ಸಾಣೆ ಹಿಡಿಸಿದೆ. ನಿಜ ಹೇಳಲೇ, ಸುಖವಾಗಿತ್ತು.

ನಿನ್ನೆ ಬೆಳಿಗ್ಗೆ ಅವಳು ಅಂಗಡಿ ಸುತ್ತಲು ಹೋದಾಗ ನಾನೊಬ್ಬನೇ ಬಂದರಿನ ಕಾಫಿ ಅಂಗಡಿಯಲ್ಲಿ ಕೂತೆ. ಕೇಳುವ ಮೊದಲೇ ಕಾಫಿ ಬಂತು. ನಾನೂ ದಡ್ಡ, ಯಾರು ಕೊಡಿಸಿದ್ದು ಎಂದು ವಿಚಾರಿಸದೆ ತಳದ ಗಸಿಯವರೆಗೂ ಕುಡಿದೆ. ಆಮೇಲೆ ಮಾಣಿ, "ಆ ಮೂಲೇಲಿರೋರು ಕೊಡಿಸಿದ್ದು, ತಾತ" ಅಂದ. ತಿರುಗಿದರೆ ನಿನ್ನ ತಮ್ಮ ಮನೂಸೋಸ್! ಎಣ್ಣೆ ಮಾರಲು ಬಂದಿದ್ದನಂತೆ, ನಮಸ್ಕಾರ ಎಂಬಂತೆ ಎದೆಯ ಮೇಲೆ ಕೈಯಿಟ್ಟು ಕೂತಿದ್ದ. ರೊಡಾಂಥಿಯ ಮದುವೆಯಲ್ಲಿ ನಾನು ವಾದ್ಯದವರಿಗೆ ದುಡ್ಡು ಕೊಟ್ಟು ಹೇಳಿಸಿದ ಕುಣಿತಕ್ಕೆ, ಮೊದಲ ಹೆಜ್ಜೆ ನನ್ನದಾಗಿರಬೇಕಾದಲ್ಲಿ, ನನ್ನ ಮುಂದೆ ನುಗ್ಗಿ ಕುಣಿದು ಊರೆದುರು ಮಾನ ಕಳೆದ ಭೂಪ. ಅಂದಿನಿಂದ ಅವನು ನಮ್ಮ ಹೊಸ್ತಿಲು ತುಳಿದಿಲ್ಲ. ಒಡಹುಟ್ಟಿದವನನ್ನು ನೀನು ಚರ್ಚಿನ ಅಂಗಳದಲ್ಲೇ ಮಾತಾಡಿಸಿ ಕಣ್ಣೊರೆಸಿಕೊಂಡು ಬರುತ್ತೀಯ. ಮೊದಲೇ ಗೊತ್ತಾಗಿದ್ದರೆ ಬಟ್ಟಲನ್ನು ಹಾಗೇ ತಳ್ಳುತ್ತಿದ್ದೆ. ಆದರೆ ಒಬ್ಬನ ಕಾಫಿ ಗಂಟಲಿಳಿದ ಮೇಲೂ ಅವನ ಮೇಲೆ ಹಗೆ ಸಾಧಿಸುವವನನ್ನು ನಮ್ಮ ಕಡೆ ಗಂಡಸು ಅನ್ನುತ್ತಾರೆಯೇ? ಕೂಡಲೇ ತಿರುಗಿ ಕೊಡಿಸಿದರೂ ಸಾಲ ತೀರಿಸಿ ಕೈತೊಳೆದುಕೊಂಡಂತೆ, ಅವನಿಗೆ ಅವಮಾನ. ಹಾಗಾಗಿ ಇವತ್ತು ಮತ್ತೆ ಹೋಗಿ ಅವನಿಗೆ ರಾಕಿ ಕೊಡಿಸಬೇಕಾಯಿತು. "ಅವತ್ತು ಕುಡಿದಿದ್ದೆ, ಭಾವ" ಅಂದ. "ಕುಡಿದಿದ್ದಕ್ಕೆ ಕೋಪ ಇಲ್ಲ ಕಣೋ, ನನಗಿಂತ ಚೆನ್ನಾಗಿ ಕುಣಿದೆಯಲ್ಲ, ಅದಕ್ಕೆ" ಅಂದೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ಇಷ್ಟಕ್ಕೇ ಎಲ್ಲ ಸರಿಹೋಯಿತೆಂದು ಹಿಗ್ಗಬೇಡ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ನಗು.

ಕನ್ಯಾಮಾತೆ ನಿನ್ನನ್ನು ಕಾಯಲಿ.

ನಿನ್ನ
ಸ್ತ್ರಾಟಿಸ್

ನಮ್ಮೂರ ಬಸ್ಸು ಹೊರಡುತ್ತಿದೆ, ಚಾಲಕ ಕಾಗದಕ್ಕೆ ಕೈಚಾಚಿ ನಿಂತಿದ್ದಾನೆ, ಒಂದು ಮಾತು ಮರೆತಿದ್ದೆ. ಭಾನುವಾರ ಮನೂಸೋಸ್ ನನ್ನ ಜೊತೆ ಮನೆಗೆ ಬರುತ್ತಾನೆ. ನಾನೇ ಕರೆದೆ. ಬಾಗಿಲಲ್ಲಿ ನಿಂತು ಅಳಬೇಡ, ಅರ್ಗಿರೋ. ನೀನು ಅತ್ತರೆ ಅವನೂ ಅಳುತ್ತಾನೆ, ಆಮೇಲೆ ನನ್ನ ಗತಿ?